ಅದು ಪ್ರಶಸ್ತಿ ಅಲ್ಲ, ರಶೀದಿ

ಸಂಪಾದಕರಿಗೆ ನಮಸ್ಕಾರ.

ಎರಡು ತಿಂಗಳ ಹಿಂದೆ ನಿಮ್ಮ ಪತ್ರಿಕೆಯ ಐದನೇ ಪುಟದಲ್ಲಿ, ಎಡಗಡೆ ಮೂಲೆಯಲ್ಲಿ, ಒಂದು ಸುದ್ದಿ ಬಂದಿತ್ತು. 'ಮುಂಬೈ ಕನ್ನಡತಿಯ ಕಿರುಚಿತ್ರಕ್ಕೆ 12 ಅಂತಾರಾಷ್ಟ್ರೀಯ ಪ್ರಶಸ್ತಿ' ಅಂತ ತಲೆಬರಹ. ಜೊತೆಗೆ ಒಂದು ಹುಡುಗಿಯ ಫೋಟೋ, ಕೈಯಲ್ಲಿ ಚಿನ್ನದ ಬಣ್ಣದ ಟ್ರೋಫಿ. ಆ ಹುಡುಗಿ ನನ್ನ ಮಗಳು. ಸುದ್ದಿ ಕೊಟ್ಟವನು ನಾನು. ಸುದ್ದಿ ತಪ್ಪು.

ತಪ್ಪು ನಿಮ್ಮದಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವರದಿಗಾರರಿಗೆ ವಾಟ್ಸಾಪಿನಲ್ಲಿ ಫೋಟೋ, ವಿವರ ಎಲ್ಲ ಕಳಿಸಿದ್ದು ನಾನೇ. ಅವರು ಪಾಪ, ಒಂದಕ್ಷರ ಬದಲಿಸದೆ ಹಾಕಿದರು. ನನ್ನ ತಕರಾರೂ ಅದೇ. ಯಾಕೆ ಹಾಗೇ ಹಾಕಿದರು? ಒಂದು ಫೋನ್ ಮಾಡಿ, 'ಈ ಪ್ರಶಸ್ತಿ ಕೊಟ್ಟದ್ದು ಯಾರು ಮಾರಾಯ್ರೆ, ಎಲ್ಲಿ ತೋರಿಸಿದರು?' ಅಂತ ಕೇಳಿದ್ದರೆ ನಾನು ತಬ್ಬಿಬ್ಬಾಗುತ್ತಿದ್ದೆ. ಆವತ್ತೇ ಸತ್ಯ ಗೊತ್ತಾಗುತ್ತಿತ್ತು. ನನ್ನ ಮಗಳು ಹದಿನೈದು ದಿನ ನನ್ನ ಜೊತೆ ಮಾತು ಬಿಡುವ ಪ್ರಸಂಗವೂ ಬರುತ್ತಿರಲಿಲ್ಲ.

ನಾನು ಯಾರು ಅಂತ ಹೇಳದೆ ಮುಂದಿನದ್ದು ಅರ್ಥವಾಗುವುದಿಲ್ಲ. ನಮ್ಮೂರು ಕುಂದಾಪುರದ ಹತ್ತಿರ. 1978ರಲ್ಲಿ, ಹದಿಮೂರನೇ ವಯಸ್ಸಿಗೆ, ಮಾಟುಂಗದ ಒಂದು ಹೋಟೆಲಿಗೆ ಮಾಣಿಯಾಗಿ ಬಂದೆ. ಇಡ್ಲಿ ಹಿಟ್ಟಿಗೆ ಆಗಲೇ ಗ್ರೈಂಡರ್ ಬಂದಿತ್ತು. ಆದರೆ ನಮ್ಮ ಭಟ್ರು ಚಟ್ನಿಗೆ ಮಾತ್ರ ಕಡೆಯುವ ಕಲ್ಲೇ ಆಗಬೇಕು ಅನ್ನುತ್ತಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಾಯಿ ಕಡೆಯುವುದು ನನ್ನ ಕೆಲಸ. ಸಂಜೆ ವಿ.ಟಿ. ಕಡೆಯ ಲೋಕಲ್ ಹಿಡಿದು ಫೋರ್ಟಿನ ಕನ್ನಡ ರಾತ್ರಿ ಶಾಲೆ. ಶಾಲೆಯಲ್ಲಿ ಕೊಟ್ಟ ಮಗ್ಗಿ ಬಾಯಿಪಾಠ ಮಾಡಲು ಬೇರೆ ಹೊತ್ತೇ ಇರಲಿಲ್ಲ. ಹಾಗಾಗಿ ಕಲ್ಲು ತಿರುಗಿಸುತ್ತಲೇ ಮಗ್ಗಿ ಹೇಳುತ್ತಿದ್ದೆ. ಒಂದು ಸುತ್ತಿಗೆ ಒಂದು ಸಾಲು. ಆ ಮಗ್ಗಿಯೇ ಮುಂದೆ ಅನ್ನ ಹಾಕಿತು. ಎಸ್ಸೆಸ್ಸೆಲ್ಸಿ ಆದಮೇಲೆ ನನ್ನನ್ನು ಅಡುಗೆಮನೆಯಿಂದ ಎತ್ತಿ ಗಲ್ಲೆಯಲ್ಲಿ ಕೂರಿಸಿದರು. ಎರಡು ವರ್ಷದ ಹಿಂದೆ ಅಲ್ಲಿಂದಲೇ ಎದ್ದು ಡೊಂಬಿವಲಿಯ ಮನೆಗೆ ಬಂದು ಕೂತೆ.

ಈ ಕಥೆಯನ್ನು ಮಗಳಿಗೆ ನೂರು ಸಲ ಹೇಳಿರಬೇಕು. ಕೇಳಿಸಿಕೊಂಡಳು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಅವಳು ಅನಿಮೇಶನ್ ಓದಿದಳು. ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಕೆಲಸ. ಮಕ್ಕಳ ಟಿವಿ ಕಾರ್ಯಕ್ರಮಕ್ಕೆ ಯಾರೋ ಬರೆದ ಗೊಂಬೆಗಳ ಗೆರೆ ತಿದ್ದುವುದು. ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದು, ಊಟ ಮಾಡಿ, ಕಂಪ್ಯೂಟರ್ ಮುಂದೆ ಕೂತುಬಿಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಮದುವೆ ಮಾತು ಎತ್ತಿದರೆ 'ಇನ್ನೂ ಇಷ್ಟು ಸೆಕೆಂಡು ಬಾಕಿ' ಅನ್ನುತ್ತಿದ್ದಳು. ಸೆಕೆಂಡಿಗೂ ಮದುವೆಗೂ ಏನು ಸಂಬಂಧ ಅಂತ ನನ್ನ ಹೆಂಡತಿ ತಲೆ ಚಚ್ಚಿಕೊಂಡದ್ದುಂಟು.

ಸಂಬಂಧ ಆಮೇಲೆ ಗೊತ್ತಾಯಿತು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕ ಓಡುತ್ತವೆ. ಅನಿಮೇಶನ್ನಿನಲ್ಲಿ ಒಂದು ಚಿತ್ರವನ್ನು ಎರಡೆರಡು ಚೌಕಕ್ಕೆ ನಿಲ್ಲಿಸಿಕೊಂಡರೂ ಸೆಕೆಂಡಿಗೆ 12 ಚಿತ್ರ ಬೇಕು. ಅವಳ ಸಿನಿಮಾ ಏಳು ನಿಮಿಷದ್ದು. ಗಲ್ಲೆಯವನ ಬುದ್ಧಿ, ಕೂಡಲೇ ಲೆಕ್ಕ ಹಾಕಿದೆ: 420 ಸೆಕೆಂಡು, 5,040 ಚಿತ್ರ. ಎಲ್ಲ ಒಬ್ಬಳೇ ಬರೆದದ್ದು! ಮಗಳು ನಕ್ಕಳು. 'ಅಷ್ಟೆಲ್ಲ ಇಲ್ಲ ಅಪ್ಪಯ್ಯ. ಮಾಣಿ ನಿದ್ದೆ ಹೋಗುವಾಗ ಒಂದೇ ಚಿತ್ರ ಸಾಕು. ಅಲ್ಲಿ ನಂಗೂ ನಿದ್ದೆ.'

ಸಿನಿಮಾದಲ್ಲಿ ಇರುವುದು ಇಷ್ಟೇ. ಒಬ್ಬ ಮಾಣಿ ಕಲ್ಲಿನ ಮುಂದೆ ಕೂತು ಕಾಯಿ ಕಡೆಯುತ್ತಾ ಹದಿನಾಲ್ಕರ ಮಗ್ಗಿ ಹೇಳುತ್ತಾನೆ. ಕಲ್ಲು ತಿರುಗಿದಂತೆ ಅಂಕಿಗಳು ಬಿಳಿ ಬಿಳಿಯಾಗಿ ಮೇಲೆ ಬರುತ್ತವೆ, ಅವನು ಅವನ್ನು ಕೈಯಲ್ಲಿ ಒಳಗೆ ತಳ್ಳುತ್ತಾನೆ. ತೂಕಡಿಕೆ ಬಂದಾಗ ಮಗ್ಗಿ ತಪ್ಪುತ್ತದೆ. ತಪ್ಪಿದ ಅಂಕಿ ಚಟ್ನಿಗೆ ಬಿದ್ದು, ಬೆಳಿಗ್ಗೆ ಗಿರಾಕಿಯ ತಟ್ಟೆಗೆ ಹೋಗುತ್ತದೆ. ಆ ಗಿರಾಕಿ ಏನು ಮಾಡುತ್ತಾನೆ ಅಂತ ಹೇಳಿದರೆ ಮಗಳು ಮತ್ತೆ ಮಾತು ಬಿಡುತ್ತಾಳೆ.

ಮಗ್ಗಿ ಹೇಳಿದ ದನಿ ನನ್ನದೇ. ಬಟ್ಟೆಯ ಕಪಾಟು ಖಾಲಿ ಮಾಡಿ, ಬಾಗಿಲಿಗೆ ಎರಡು ರಜಾಯಿ ಇಳಿಬಿಟ್ಟು, ಫ್ಯಾನ್ ಆಫ್ ಮಾಡಿ, ನನ್ನನ್ನು ಒಳಗೆ ಕೂರಿಸಿದಳು. ಮೇ ತಿಂಗಳು. ನಾನು ಶುರು ಮಾಡಿದರೆ ಲೋಕಲಿನ ಹಾರ್ನ್. ಲೋಕಲ್ ಹೋದರೆ ಕುಕ್ಕರ್ ಸೀಟಿ. ಹನ್ನೊಂದನೇ ಸಲಕ್ಕೆ ಬೆವರು ಸುರಿಸಿಕೊಂಡು 'ಹದಿನಾಲ್ಕೇಳ್ಲಿ ತೊಂಬತ್ತೆಂಟು, ಹದಿನಾಲ್ಕೆಂಟ್ಲಿ ನೂರಾ ಎಂಟು' ಅಂದುಬಿಟ್ಟೆ. ಜೀವಮಾನವೆಲ್ಲ ಲೆಕ್ಕ ಮಾಡಿದವನು! ನೂರಾ ಹನ್ನೆರಡು ಅಂತ ತಿದ್ದುವಷ್ಟರಲ್ಲಿ ಅವಳು ಹೊರಗಿನಿಂದ 'ಓಕೆ, ಇದೇ ಇರಲಿ' ಅಂದಳು. ಸಿನಿಮಾದಲ್ಲಿ ಇರುವುದು ಅದೇ ತಪ್ಪು.

ಕಲ್ಲಿನ ಸದ್ದಿಗೆ ಊರಿಗೇ ಹೋಗಬೇಕಾಯಿತು. ಮಾಟುಂಗದಲ್ಲಿ ಈಗ ಎಲ್ಲಿದೆ ಕಲ್ಲು? ನನ್ನ ಹೆಂಡತಿಯ ಅಕ್ಕನ ಮನೆಯ ಹಿತ್ತಿಲಲ್ಲಿ ಒಂದು ಮಗುಚಿ ಬಿದ್ದಿತ್ತು. ಅದನ್ನು ತೊಳೆದು ಹಸನು ಮಾಡಿಕೊಟ್ಟರು. ಮಗಳು ಮೊದಲು ನೆನೆಸಿದ ಅಕ್ಕಿ ಹಾಕಿಸಿದಳು. ನಾನು ಬೇಡ ಅಂದೆ. ಅಕ್ಕಿಯ ಸದ್ದು ಬೇರೆ, ಕಾಯಿಯ ಸದ್ದು ಬೇರೆ. ಕಾಯಿ ಮೊದಲಿಗೆ ಗರಗರ ಅನ್ನುತ್ತದೆ. ನೀರು ಬಿಟ್ಟಮೇಲೆ ಸದ್ದು ತಗ್ಗುತ್ತದೆ. ಕೊನೆಗೆ ನುಣ್ಣಗಾದಾಗ ಪಚಪಚ, ಆಗ ಕಲ್ಲೂ ಹಗುರ. ಕಣ್ಣು ಮುಚ್ಚಿ ಕೂತರೂ ಭಟ್ರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು, 'ಸಾಕು, ಬಾಚು' ಅನ್ನುತ್ತಿದ್ದರು. ಅಷ್ಟನ್ನೂ ಅವಳು ರೆಕಾರ್ಡ್ ಮಾಡಿಕೊಂಡಳು. ನಡುವೆ ಒಂದು ಹೇಂಟೆ ಬಂದು ಎರಡು ಸಲ ಕೆಡಿಸಿತು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನೀವು ಹಾಕಿದ ಸುದ್ದಿಯಲ್ಲಿ ಇದರಲ್ಲಿ ಒಂದು ಮಾತೂ ಇರಲಿಲ್ಲ. ಅದರಲ್ಲಿ ಇದ್ದದ್ದು ಹನ್ನೆರಡು ಪ್ರಶಸ್ತಿ, ಟ್ರೋಫಿ, ನನ್ನ ಹೆಸರು, ನನ್ನ ಹೆಂಡತಿಯ ಹೆಸರು, ನಮ್ಮ ಮೂಲ ಊರು. ಸಿನಿಮಾ ಯಾವುದರ ಬಗ್ಗೆ ಅನ್ನುವುದೇ ಇಲ್ಲ. ಯಾಕೆಂದರೆ ನಾನು ಬರೆದು ಕಳಿಸಿರಲಿಲ್ಲ. ಪ್ರಶಸ್ತಿ ಇದ್ದಮೇಲೆ ಸಿನಿಮಾ ಯಾಕೆ ಅಂತ ನನಗೂ ಅನ್ನಿಸಿತ್ತು, ನೋಡಿ.

ಈಗ ಆ ಹನ್ನೆರಡರ ಕಥೆ.

ಸಿನಿಮಾ ಮುಗಿದ ಮೇಲೆ ಅದನ್ನು ಚಿತ್ರೋತ್ಸವಗಳಿಗೆ ಕಳಿಸಬೇಕು. ಅದಕ್ಕೆಂದೇ ಜಾಲತಾಣಗಳಿವೆ. ಒಂದು ಸಲ ಸಿನಿಮಾ ಏರಿಸಿಟ್ಟರೆ ಸಾಕು, ಅಲ್ಲಿಂದಲೇ ಜಗತ್ತಿನ ಯಾವ ಊರಿನ ಉತ್ಸವಕ್ಕೂ ಕಳಿಸಬಹುದು. ಹೆಚ್ಚಿನವು ಫೀಸು ಕೇಳುತ್ತವೆ, ಡಾಲರಿನಲ್ಲಿ. ಮಗಳು ಒಂಬತ್ತು ಹೆಸರು ಬರೆದುಕೊಟ್ಟಳು. ಅವಳಿಗೆ ಸ್ಟುಡಿಯೋದಲ್ಲಿ ಉಸಿರಾಡಲು ಪುರಸೊತ್ತಿಲ್ಲದ ಹೊತ್ತು. 'ಅಪ್ಪಯ್ಯ, ಇವಕ್ಕೆ ಕಳಿಸಿ, ಕೊನೆ ತಾರೀಕು ತಪ್ಪಿಸಬೇಡಿ' ಅಂದು ಪಾಸ್‌ವರ್ಡ್ ಕೊಟ್ಟಳು. ನಾನು ಹಳೆಯ ಅಭ್ಯಾಸದಂತೆ ಒಂದು ಲೆಕ್ಕದ ಪುಸ್ತಕ ತೆರೆದೆ. ತಾರೀಕು, ಉತ್ಸವದ ಹೆಸರು, ಫೀಸು, ಉತ್ತರ ಅಂತ ನಾಲ್ಕು ಕಂಬ ಎಳೆದೆ.

ಒಂಬತ್ತಕ್ಕೆ ಕಳಿಸಿದೆ, ₹9,150 ಆಯಿತು. ಉತ್ತರ ಬರುವುದು ಮೂರು ತಿಂಗಳು, ನಾಲ್ಕು ತಿಂಗಳು. ಬಂದದ್ದೆಲ್ಲ 'ಕ್ಷಮಿಸಿ'. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲೇ ಬೇರೆ ಉತ್ಸವಗಳ ಹೆಸರು ಕಾಣುತ್ತಿತ್ತು. ಪ್ಯಾರಿಸ್, ರೋಮ್, ಟೋಕಿಯೊ, ನ್ಯೂಯಾರ್ಕ್! ಪ್ರತಿ ತಿಂಗಳೂ ಪ್ರಶಸ್ತಿಯಂತೆ. ಒಂದೊಂದರಲ್ಲಿ ಎಂಬತ್ತು ತೊಂಬತ್ತು ವಿಭಾಗ. ಹೊಸಬರಿಗೆ ಬೇರೆ, ಹೆಂಗಸರಿಗೆ ಬೇರೆ, ಏಷ್ಯಾದವರಿಗೆ ಬೇರೆ. ನಾನು ಹೋಟೆಲಿನವನು. ಮೆನು ದೊಡ್ಡದಿದ್ದರೆ ಅಡುಗೆ ಸಂಶಯ ಅಂತ ನನಗೆ ಗೊತ್ತಿರಬೇಕಿತ್ತು. ಗೊತ್ತಾಗಲಿಲ್ಲ. ಮಗಳಿಗೆ ಹೇಳದೆ 22 ಕಡೆ ಕಳಿಸಿದೆ. ₹38,400.

ಕೆಲವರು 'ಐಎಂಡಿಬಿ ಕ್ವಾಲಿಫೈಯಿಂಗ್' ಅಂತ ದೊಡ್ಡದಾಗಿ ಬರೆದುಕೊಂಡಿದ್ದರು. ಅದನ್ನು ನಾನು ಆಸ್ಕರ್ ಕ್ವಾಲಿಫೈಯಿಂಗ್ ತರಹದ್ದೇ ಏನೋ ಅಂದುಕೊಂಡೆ. ಎರಡಕ್ಕೂ ಅಜಗಜಾಂತರ. ಆಸ್ಕರ್ ಕೊಡುವ ಅಕಾಡೆಮಿ ಕೆಲವು ಉತ್ಸವಗಳ ಪಟ್ಟಿ ಮಾಡಿಟ್ಟಿದೆ. ಅಲ್ಲಿ ನಿಗದಿಯಾದ ಪ್ರಶಸ್ತಿ ಗೆದ್ದರೆ ಕಿರುಚಿತ್ರ ಆಸ್ಕರ್ ಸ್ಪರ್ಧೆಗೆ ಅರ್ಜಿ ಹಾಕಬಹುದು. ನಮ್ಮ ಬೆಂಗಳೂರಿನ ಕಿರುಚಿತ್ರೋತ್ಸವವೂ ಆ ಪಟ್ಟಿ ಸೇರಿದೆ. ಐಎಂಡಿಬಿ ಅಂದರೆ ಸಿನಿಮಾಗಳ ಮಾಹಿತಿ ಇರುವ ಜಾಲತಾಣ. ಆ ಉತ್ಸವದ ಹೆಸರನ್ನು ಅಲ್ಲಿ ನಮೂದಿಸಬಹುದು, ಅಷ್ಟೇ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರಿದೆ ಅಂತ ಬೋರ್ಡು ಹಾಕಿಕೊಂಡ ಹಾಗೆ.

ಕಳಿಸಿದ ನಾಲ್ಕನೇ ದಿನದಿಂದಲೇ ಇಮೇಲ್ ಬರತೊಡಗಿದವು. 'ಅಭಿನಂದನೆ!' ಎರಡೂ ಕಡೆ ಎಲೆಯ ಗೊಂಚಲು, ನಡುವೆ ಉತ್ಸವದ ಹೆಸರು. ಆರು ವಾರದಲ್ಲಿ ಹನ್ನೆರಡು ಪ್ರಶಸ್ತಿ. ಇನ್ನೊಂದು ಏಳು ಕಡೆ 'ಸೆಮಿ ಫೈನಲಿಸ್ಟ್'. ಮೂರು ಕಡೆಯಿಂದ ಮಾತ್ರ ಸುದ್ದಿಯಿಲ್ಲ. ಪ್ರಶಸ್ತಿಯ ಜೊತೆ ಹಣ ಇಲ್ಲ. ಟ್ರೋಫಿ ಬೇಕಿದ್ದರೆ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ಒಂದನ್ನು ತರಿಸಿದೆ. ಕೊರಿಯರ್ ಸೇರಿ ₹8,200. ಅದರ ಮೇಲೆ ಕೆತ್ತಿದ್ದೇನು ಗೊತ್ತೇ? 'ಬೆಸ್ಟ್ ಡಾಕ್ಯುಮೆಂಟರಿ'. ನನಗೆ ಆಗಲೂ ಹೊಳೆಯಲಿಲ್ಲ. ನನ್ನ ಬದುಕಿನ ನಿಜವಾದ ಕಥೆ ಅಲ್ವಾ, ಅದಕ್ಕೇ ಡಾಕ್ಯುಮೆಂಟರಿ ಅಂದಿರಬೇಕು ಅಂದುಕೊಂಡೆ!

ಮಗಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಇದೇನು ಅಂದಳು. ಬಂದಿದೆ, ಹಿಡ್ಕೋ ಅಂದೆ. ಫೋಟೋ ತೆಗೆದೆ. ನಿಮಗೆ ಕಳಿಸಿದೆ.

ಸುದ್ದಿ ಬಂದ ದಿನ ಬೆಳಿಗ್ಗೆ ಏಳಕ್ಕೇ ಫೋನ್. ಊರಿಂದ, ಸೂರತ್ತಿನಿಂದ, ದುಬೈಯಿಂದ. ನಾನು ಒಂದೂವರೆ ಕಿಲೋ ಪೇಡೆ ಹಂಚಿದೆ. ಮಗಳಿಗೆ ಯಾರೋ ಅದರ ಫೋಟೋ ಕಳಿಸಿದ್ದರು. ರಾತ್ರಿ ಬಂದವಳೇ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು, 'ಯಾವ ಹನ್ನೆರಡು?' ನಾನು ಲೆಕ್ಕದ ಪುಸ್ತಕ ತೋರಿಸಿದೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಆಮೇಲೆ ಹೇಳಿದಳು, 'ಅಪ್ಪಯ್ಯ, ಇದು ಪ್ರಶಸ್ತಿ ಅಲ್ಲ, ರಶೀದಿ.'

ನನಗೆ ಒಪ್ಪಲು ಮನಸ್ಸಾಗಲಿಲ್ಲ. ವಾದ ಮಾಡಿದೆ. ಅವಳು ಕಂಪ್ಯೂಟರ್ ತೆರೆದು ಇನ್ನೊಂದು ಲೆಕ್ಕ ತೋರಿಸಿದಳು. ಸಿನಿಮಾ ನೋಡಲು ನಾವು ಕಳಿಸುವ ಲಿಂಕನ್ನು ಎಷ್ಟು ಜನ ತೆರೆದರು ಅಂತ ಅಲ್ಲಿ ಗೊತ್ತಾಗುತ್ತದೆ. ಆ ಆರು ವಾರದಲ್ಲಿ ಅದನ್ನು ತೆರೆದದ್ದು ನಾಲ್ಕೇ ಸಲ. ಅದರಲ್ಲಿ ಮೂರು ಸಲ ನಾನೇ, ಪಕ್ಕದ ಮನೆಯವರಿಗೆ ತೋರಿಸಲು. ಹನ್ನೆರಡು ಪ್ರಶಸ್ತಿ, ನೋಡಿದವರು ಒಬ್ಬರು. ಅವರೂ ಪೂರ್ತಿ ನೋಡಿಲ್ಲ, ಐವತ್ತು ಸೆಕೆಂಡಿಗೆ ಮುಚ್ಚಿದ್ದಾರೆ. ಐವತ್ತು ಸೆಕೆಂಡಿಗೆ ಮಗ್ಗಿಯೇ ಶುರುವಾಗಿರುವುದಿಲ್ಲ. ದಿನದ ಕೊನೆಗೆ ಗಲ್ಲೆ ತಾಳೆಯಾಗದಿದ್ದರೆ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಆ ಕೆಲಸ ಮಾಡಿದವರಿಗೆ ಗೊತ್ತು. ಹಾಗಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ನಿಮ್ಮ ಸುದ್ದಿ ನೋಡಿ ಇಲ್ಲಿನ ಒಂದು ಸಂಘದವರು ವಾರ್ಷಿಕೋತ್ಸವದಲ್ಲಿ ಮಗಳಿಗೆ ಸನ್ಮಾನ ಇಟ್ಟರು. ಯಾವ ಸಂಘ ಅಂತ ಬರೆಯುವುದಿಲ್ಲ, ಪ್ರೀತಿಯಿಂದ ಕರೆದವರು. ಅವಳು ಬರುವುದಿಲ್ಲ ಅಂತ ಹಟ ಹಿಡಿದಳು. 'ಸಿನಿಮಾ ತೋರಿಸುತ್ತಾರಂತೆ' ಅಂದ ಮೇಲೆ ಒಪ್ಪಿದಳು. ತೋರಿಸಿದರು. ಸಭಾಂಗಣದ ಟ್ಯೂಬ್‌ಲೈಟುಗಳನ್ನು ಆರಿಸಲಿಲ್ಲ, ಹೆಂಗಸರು ಮಕ್ಕಳು ಓಡಾಡುತ್ತಾರೆ ಅಂತ. ಲ್ಯಾಪ್‌ಟಾಪಿನ ಮುಂದೆ ಭಾಷಣದ ಮೈಕ್ ಇಟ್ಟರು, ಅದೇ ಸೌಂಡು. ಪರದೆಯ ಮೇಲೆ ಮಾಣಿ ಅಡ್ಡಡ್ಡ ಹಿಗ್ಗಿ ಭಟ್ರ ಹಾಗೆ ಕಾಣುತ್ತಿದ್ದ. ಮೂರನೇ ನಿಮಿಷಕ್ಕೆ ಮುಖ್ಯ ಅತಿಥಿಗಳು ಬಂದರು. ನಿಲ್ಲಿಸಿದರು. ಮತ್ತೆ ಹಾಕಲಿಲ್ಲ. ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಅವಳ ಬಗ್ಗೆ ನಾಲ್ಕು ಭಾಷಣ. ಒಟ್ಟು ನಲವತ್ತು ನಿಮಿಷ. ನಾನು ಗಡಿಯಾರ ನೋಡುತ್ತಲೇ ಇದ್ದೆ. ಅಷ್ಟರಲ್ಲಿ ಏಳು ನಿಮಿಷದ ಸಿನಿಮಾವನ್ನು ಐದು ಸಲ ತೋರಿಸಿ, ನಡುವೆ ಒಂದು ಚಹಾ ಕುಡಿಯಬಹುದಿತ್ತು. ಇಳಿದು ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ, 'ಪ್ರಶಸ್ತಿಗೆ ದುಡ್ಡು ಎಷ್ಟು ಬಂತು?'

ಮಗಳು ಬರೆದುಕೊಟ್ಟ ಒಂಬತ್ತರಲ್ಲಿ ಏಳು ಕಡೆ ಇಲ್ಲ ಅಂದರು. ಎರಡು ಕಡೆ ಆಯ್ಕೆ ಆಯಿತು. ಒಂದು ಹೊರದೇಶದ್ದು, ಅಲ್ಲಿಗೆ ಹೋಗುವ ತಾಕತ್ತು ನಮಗಿಲ್ಲ. ಇನ್ನೊಂದು ಕೇರಳದ ಒಂದು ಊರಲ್ಲಿ. ನಾವಿಬ್ಬರೂ ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ನಮ್ಮ ಕುಂದಾಪುರ ದಾಟುವಾಗ ಎದ್ದು ಬಾಗಿಲಲ್ಲಿ ನಿಂತೆ. ಸುದ್ದಿ ಬಂದ ದಿನದ ಜಗಳದ ನಂತರ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿದ್ದು ಆ ರೈಲಿನಲ್ಲೇ.

ಅಲ್ಲಿ ಹಿಂದಿನ ದಿನವೇ ಅವಳನ್ನು ಕರೆದು, ಸೌಂಡು ಸರಿ ಇದೆಯಾ, ಬಣ್ಣ ಸರಿ ಇದೆಯಾ, ಸಬ್‌ಟೈಟಲ್ ಓದಲು ಬರುತ್ತದಾ ಅಂತ ತೋರಿಸಿ ಕೇಳಿದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆಟ. ಆರು ಕಿರುಚಿತ್ರ ಒಟ್ಟಿಗೆ. ಸಣ್ಣ ಥಿಯೇಟರು. ಬಾಗಿಲು ಮುಚ್ಚಿದರು, ಪೂರ್ತಿ ಕತ್ತಲೆ. ಅದಕ್ಕೆ ಮೊದಲೇ ನಾನು ತಲೆ ಎಣಿಸಿದ್ದೆ, ನಲವತ್ತಮೂರು. ಕಲ್ಲು ತಿರುಗಲು ಶುರುವಾದಾಗ ಆ ಗರಗರ ಸದ್ದು ನಾಲ್ಕೂ ಗೋಡೆಯಿಂದ ಬಂತು. ನನ್ನ ಬಲಗೈ ತಾನಾಗಿ ಮುಷ್ಟಿಯಾಯಿತು. 'ನೂರಾ ಎಂಟು' ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಕಿಸಕ್ ಅಂದಳು. ಆಮೇಲೆ ಇನ್ನೂ ನಾಲ್ಕೈದು ಜನ. ನಾನು ತಪ್ಪಿದ್ದಕ್ಕೆ ಜನ ನಕ್ಕು ನನಗೆ ಖುಷಿಯಾದದ್ದು ಅದೇ ಮೊದಲು.

ಮುಗಿದ ಮೇಲೆ ಪ್ರಶ್ನೆ ಕೇಳಿದರು. ಮಗ್ಗಿ ಬೇಕೆಂದೇ ತಪ್ಪಿಸಿದ್ದಾ ಅಂತ ಒಬ್ಬರು. 'ಇಲ್ಲ, ನಮ್ಮಪ್ಪ ಹೇಳಿದ್ದೇ ತಪ್ಪು, ಅಲ್ಲಿ ಕೂತಿದ್ದಾರೆ' ಅಂದಳು. ಎಲ್ಲರೂ ತಿರುಗಿ ನೋಡಿದರು. ಹೊರಗೆ ಬಂದಾಗ ಒಬ್ಬ ವಯಸ್ಸಾದವರು ನನ್ನ ಹತ್ತಿರ ಬಂದು ಕೈಯಲ್ಲಿ ಸುತ್ತಿಸಿ ತೋರಿಸಿ 'ಆಟ್ಟುಕಲ್ಲ್?' ಅಂದರು. ಹೌದು ಅಂದೆ. ಅವರು ತಮ್ಮ ಅಂಗೈ ಬಿಡಿಸಿ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಗಂಟು. ನಾನು ನನ್ನದು ತೋರಿಸಿದೆ. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ಪ್ರಶಸ್ತಿ ಬರಲಿಲ್ಲ. ಫೀಸು ₹1,000, ರೈಲು, ರೂಮು, ಊಟ ಬೇರೆ. ಲೆಕ್ಕದ ಪುಸ್ತಕದಲ್ಲಿ ಉತ್ತರದ ಕಂಬದಲ್ಲಿ '43' ಅಂತ ಬರೆದೆ.

ಫೀಸು ಕೇಳಿದ ಉತ್ಸವಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರೂ ಕೇಳುತ್ತಾರೆ. ಅವರಿಗೂ ಥಿಯೇಟರ್ ಬಾಡಿಗೆ ಇದೆ. ನೋಡಬೇಕಾದ್ದು ಬೇರೆ. ಊರು, ಥಿಯೇಟರು, ತಾರೀಕು ಇದೆಯಾ? ಆಯ್ಕೆ ಮಾಡಿದವರು ಯಾರು ಅಂತ ಹೆಸರು ಹಾಕಿದ್ದಾರಾ? ಟಿಕೆಟ್ಟೋ ಪಾಸೋ ತಗೊಂಡು ಜನ ಒಳಗೆ ಹೋಗುತ್ತಾರಾ? ನಿಮ್ಮ ವರದಿಗಾರರು ಇಷ್ಟು ಕೇಳಿದರೆ ಸಾಕು. ಐದು ನಿಮಿಷದ ಕೆಲಸ.

ನಿಜವಾದ ಉತ್ಸವ ಹುಡುಕಿಕೊಂಡು ಪ್ಯಾರಿಸ್ಸಿಗೇ ಹೋಗಬೇಕಿಲ್ಲ. ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಶನ್ ಈ ಮೂರಕ್ಕೆಂದೇ ನಡೆಯುವ ಮುಂಬೈ ಅಂತಾರಾಷ್ಟ್ರೀಯ ಚಿತ್ರೋತ್ಸವ 1990ರಲ್ಲಿ ಶುರುವಾದದ್ದು. ಎರಡು ವರ್ಷಕ್ಕೊಮ್ಮೆ. ಅಲ್ಲಿ ಗೆದ್ದವರಿಗೆ ಸ್ವರ್ಣ ಶಂಖ. 2024ರ ಜೂನಿನಲ್ಲಿ ಮಗಳು ನನಗೂ ಒಂದು ಪಾಸ್ ಮಾಡಿಸಿದ್ದಳು. ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಮಳೆಯಲ್ಲಿ ಪೆಡ್ಡರ್ ರೋಡಿಗೆ ಹೋದೆ. ಸರಕಾರಕ್ಕೆ ಸಾಕ್ಷ್ಯಚಿತ್ರ ಮಾಡಿಕೊಡುತ್ತಿದ್ದ ಫಿಲ್ಮ್ಸ್ ಡಿವಿಷನ್ ಇದ್ದ ಜಾಗ ಅದು. ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ (ಎನ್‌ಎಫ್‌ಡಿಸಿ) ಸೇರಿದೆ. ನಾನು ಮಾಟುಂಗದ ಅರೋರಾ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು 'ಯಾವಾಗ ಮುಗಿಯುತ್ತಪ್ಪಾ' ಅಂತ ಶಪಿಸುತ್ತಾ ನೋಡುತ್ತಿದ್ದ ರೀಲುಗಳು ಬರುತ್ತಿದ್ದದ್ದು ಅಲ್ಲಿಂದಲೇ. 1948ರಲ್ಲಿ ಶುರುವಾದ ಸಂಸ್ಥೆ. ಮಗಳು ಹೇಳಿದ ಮೇಲೆ ಗೊತ್ತಾಯಿತು, ನಮ್ಮ ದೇಶದ ಅನಿಮೇಶನ್ನಿಗೂ ಅದು ತವರುಮನೆ ಇದ್ದಹಾಗೆ. 1956ರ ಸುಮಾರಿಗೆ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ಇಲ್ಲಿನವರಿಗೆ ಕಲಿಸಿದರಂತೆ. ಆಗ ಕಲಿತ ಹುಡುಗರಲ್ಲಿ ರಾಮ್ ಮೋಹನ್ ಒಬ್ಬರು, ಮುಂದೆ ಅವರ ಕೈಕೆಳಗೆ ಎಷ್ಟೋ ಜನ ತಯಾರಾದರು. ದೂರದರ್ಶನದಲ್ಲಿ ಬರುತ್ತಿದ್ದ 'ಏಕ್ ಅನೇಕ್ ಔರ್ ಏಕತಾ' ನೆನಪಿದೆಯಾ, ಆ ಹಕ್ಕಿಗಳದ್ದು? 1974ರದ್ದು, ಅದೂ ಫಿಲ್ಮ್ಸ್ ಡಿವಿಷನ್ನಿನದ್ದೇ. ಏಳು ನಿಮಿಷ. ನಮ್ಮ ಮಗಳ ಸಿನಿಮಾದಷ್ಟೇ ಉದ್ದ.

ಆವತ್ತು ಪೆಡ್ಡರ್ ರೋಡಿನಲ್ಲಿ ನಾನು ಹುಡುಕಿದೆ, ಕನ್ನಡ ಮಾತಾಡುವ ಒಬ್ಬರೂ ನನಗೆ ಸಿಗಲಿಲ್ಲ. ನಮ್ಮ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಯಕ್ಷಗಾನ, ತಾಳಮದ್ದಲೆ, ಸತ್ಯನಾರಾಯಣ ಪೂಜೆ, ಕ್ರಿಕೆಟ್ ಎಲ್ಲದರ ಕರೆಯೋಲೆ ಬರುತ್ತದೆ. ಇದರ ಬಗ್ಗೆ ಒಂದು ಸಾಲಿಲ್ಲ. ನಿಮ್ಮ ಪತ್ರಿಕೆಯಲ್ಲೂ ನಾನು ಕಾಣಲಿಲ್ಲ.

2024ರಲ್ಲೇ ಇನ್ನೊಂದಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಚಿದಾನಂದ ನಾಯ್ಕ್ ಮಾಡಿದ ಕನ್ನಡ ಕಿರುಚಿತ್ರಕ್ಕೆ ಕಾನ್ ಚಿತ್ರೋತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಹದಿನಾರು ನಿಮಿಷದ್ದು. ಕೋಳಿ ಕೂಗದೆ ಬೆಳಗಾಗದ, ನಾವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿದಂಥ ಕಥೆಯನ್ನೇ ಹಿಡಿದು ಮಾಡಿದ್ದು. ಅದೇ ವಿಭಾಗದಲ್ಲಿ ಮೂರನೇ ಬಹುಮಾನ ಮೀರತ್ತಿನ ಮಾನ್ಸಿ ಮಹೇಶ್ವರಿಯ ಅನಿಮೇಶನ್ನಿಗೆ. ಎಲ್ಲ ಕಡೆ ಸುದ್ದಿ ಬಂತು, ನಿಮ್ಮಲ್ಲೂ ಬಂತು. ಸರಿಯೇ. ಆದರೆ ಒಂದು ಸಂಘವಾದರೂ ಅವರಿಗೆ ಕಾಗದ ಬರೆದು 'ನಮ್ಮಲ್ಲಿ ತೋರಿಸುತ್ತೀರಾ' ಅಂತ ಕೇಳಿತಾ? ಪುಣೆ ಇಲ್ಲಿಂದ ಮೂರೂವರೆ ಗಂಟೆ. ನಮಗೆ ಬೇಕಾದದ್ದು ಸುದ್ದಿ. ಸಿಕ್ಕಿತು. ಮುಗಿಯಿತು.

ಈಗಿನ ಹುಡುಗರಿಗೆ ಮಾಡುವುದು ಮೊದಲಿನಷ್ಟು ಕಷ್ಟವಿಲ್ಲ, ನಿಜ. ನನ್ನ ಮಗಳು ಬಳಸುವುದು ಬ್ಲೆಂಡರ್ ಅನ್ನುವ ಸಾಫ್ಟ್‌ವೇರು. ಪುಕ್ಕಟೆ. ಲಾಟ್ವಿಯಾ ಅನ್ನುವ ಪುಟ್ಟ ದೇಶದವರು ಅದರಲ್ಲೇ ಒಂದು ಬೆಕ್ಕಿನ ಸಿನಿಮಾ ಮಾಡಿ 2025ರಲ್ಲಿ ಆಸ್ಕರ್ ತಗೊಂಡರು. ಮಾಡಿದ್ದನ್ನು ತೋರಿಸುವುದೇ ಕಷ್ಟ. ಯೂಟ್ಯೂಬಿಗೆ ಹಾಕಬಾರದೇ ಅಂತ ಎಲ್ಲರೂ ಕೇಳುತ್ತಾರೆ. ಹಾಕಿದರೆ ಎಷ್ಟೋ ಉತ್ಸವಗಳು ಮತ್ತೆ ತೆಗೆದುಕೊಳ್ಳುವುದಿಲ್ಲ. ಅವರಿಗೆ ಬೇರೆಲ್ಲೂ ಕಾಣದ್ದು ಬೇಕು. ಹಾಗಾಗಿ ವರ್ಷ, ಎರಡು ವರ್ಷ ಸಿನಿಮಾವನ್ನು ಬಚ್ಚಿಟ್ಟುಕೊಂಡು ಉತ್ಸವದಿಂದ ಉತ್ಸವಕ್ಕೆ ಕಳಿಸುತ್ತಾ ಇರಬೇಕು. ಆ ಎರಡು ವರ್ಷದಲ್ಲಿ, ನೋಡಿದವರು ಯಾರೂ ಇಲ್ಲದಿರುವಾಗ, ಯಾರೋ 'ಅಭಿನಂದನೆ' ಅಂತ ಇಮೇಲ್ ಕಳಿಸಿದರೆ ಯಾರಿಗೆ ಆಸೆಯಾಗುವುದಿಲ್ಲ ಹೇಳಿ. ನನಗೇ ಆಯಿತಲ್ಲ, ಅರವತ್ತು ದಾಟಿದವನಿಗೆ. ಮಗಳ ಸ್ನೇಹಿತರಲ್ಲಿ ಮೂವರು ಗೊತ್ತಿದ್ದೂ ಇಂಥ ಪ್ರಶಸ್ತಿ ಕೊಂಡಿದ್ದಾರೆ. ಮನೆಯವರಿಗೆ ತೋರಿಸಲು. 'ಪತ್ರಿಕೆಯಲ್ಲಿ ಬಂದರೆ ಮನೇಲಿ ಇನ್ನೊಂದು ವರ್ಷ ಸುಮ್ನಿರ್ತಾರೆ ಅಂಕಲ್' ಅಂತ ಒಬ್ಬ ಹುಡುಗ ನನ್ನ ಹತ್ತಿರವೇ ಹೇಳಿದ. ನಾಲ್ಕು ಜನ ಸಿನಿಮಾ ನೋಡಿ ಒಳ್ಳೆಯದೋ ಕೆಟ್ಟದೋ ಹೇಳುವ ಜಾಗ ಇದ್ದಿದ್ದರೆ ಅವನಿಗೆ ಆ ಟ್ರೋಫಿ ಬೇಕಾಗುತ್ತಿತ್ತಾ?

ನಿಮ್ಮಲ್ಲಿ ಕೇಳುವುದು ಇಷ್ಟು. ಆ ಸುದ್ದಿಗೆ ಒಂದು ತಿದ್ದುಪಡಿ ಹಾಕಿ. 'ಆ 12 ಪ್ರಶಸ್ತಿಗಳಿಗೆ ಬೆಲೆಯಿಲ್ಲ, ಚಿತ್ರ ಕೇರಳದ ಒಂದು ಉತ್ಸವದಲ್ಲಿ 43 ಜನರ ಮುಂದೆ ಪ್ರದರ್ಶನವಾಗಿದೆ' ಅಂತ. ಇನ್ನು ಮುಂದೆ ಯಾರಾದರೂ ನನ್ನಂಥ ಅಪ್ಪ ಫೋಟೋ ಕಳಿಸಿದರೆ, ಮೊದಲು ಸಿನಿಮಾ ಕಳಿಸಿ ಅನ್ನಿ. ಏಳು ನಿಮಿಷ ನೋಡಿ. ಚೆನ್ನಾಗಿಲ್ಲದಿದ್ದರೆ ಹಾಗೇ ಬರೆಯಿರಿ. ನನ್ನ ಮಗಳು ಬೇಜಾರು ಮಾಡಿಕೊಳ್ಳುವುದಿಲ್ಲ, ಬರೆದವರು ನೋಡಿದ್ದಾರಲ್ಲ ಅಂತ ಖುಷಿಪಡುತ್ತಾಳೆ.

ಸಂಘದವರಿಗೂ ಒಂದು ಮಾತು. ನಿಮ್ಮ ಸಭಾಂಗಣಗಳು ವಾರದ ದಿನ ಸಂಜೆ ಖಾಲಿ ಇರುತ್ತವೆ. ತಿಂಗಳಿಗೊಂದು ಸಂಜೆ ಕಿಟಕಿಗೆ ದಪ್ಪ ಪರದೆ ಎಳೆದು, ಲೈಟ್ ಆರಿಸಿ, ಒಂದು ಗಂಟೆ ಕೊಡಿ. ಸ್ಪೀಕರ್ ನಾನು ತರುತ್ತೇನೆ. ಇದಕ್ಕೆಂದೇ ಹಳೆಯದೊಂದು ಕೊಂಡಿಟ್ಟಿದ್ದೇನೆ, ಟ್ರೋಫಿಗಿಂತ ಅಗ್ಗವಾಯಿತು. ಮುಂಬೈ, ಪುಣೆಯಲ್ಲಿ ಹೀಗೆ ಮನೆಯಲ್ಲಿ ಕೂತು ಸಿನಿಮಾ ಮಾಡುವ ಕನ್ನಡದ ಮಕ್ಕಳು ಆರೇಳು ಜನ ಮಗಳಿಗೇ ಗೊತ್ತು. ಶಾಲು ಬೇಡ. ಹಣ್ಣಿನ ಬುಟ್ಟಿಯೂ ಬೇಡ, ಹೋದ ಸಲದ್ದರಲ್ಲಿ ಸೇಬು ಕೊಳೆತಿತ್ತು.

ಮಗಳ ಮಾತಿನ ಮೇರೆಗೆ ನನ್ನ ಹೆಸರು ಹಾಕುತ್ತಿಲ್ಲ. ನಿಮ್ಮ ಕಚೇರಿಗೆ ಬೇಕಿದ್ದರೆ ಎರಡು ತಿಂಗಳ ಹಿಂದಿನ ವಾಟ್ಸಾಪಿನಲ್ಲಿ ಇದೆ. ಆ ಸುದ್ದಿಯ ತುಣುಕನ್ನು ಲೆಕ್ಕದ ಪುಸ್ತಕದಲ್ಲಿ, ₹38,400 ಅಂತ ಬರೆದ ಪುಟದಲ್ಲೇ ಅಂಟಿಸಿದ್ದೇನೆ. ಅದರ ಪಕ್ಕದಲ್ಲಿ ತಿದ್ದುಪಡಿಗೆ ಎರಡು ಬೆರಳಗಲ ಜಾಗ ಬಿಟ್ಟಿದ್ದೇನೆ.

ಇತಿ,
ಒಬ್ಬ ಹಳೆಯ ಓದುಗ,
ಡೊಂಬಿವಲಿ